ತೊಗಟೆ ಶಾಸನ

ಕಡತ ಸಂಖ್ಯೆ ಇನ್ನೂರ ಹನ್ನೆರಡು ನಾಲ್ಕು ವರ್ಷದಿಂದ
ಮೂರನೇ ಮಹಡಿಯಿಂದ ಕೆಳಕ್ಕೆ, ಕೆಳಗಿನಿಂದ ಮೂರಕ್ಕೆ
ಲಿಫ್ಟಿನಲ್ಲಿ ಓಡಾಡುತ್ತಿದೆ.
ಮೇಲೆ ನಾವು, ನೆವಾಡಾ ರಾಜ್ಯದ ಪರಂಪರೆ ಕಚೇರಿ:
ಗಣಿ, ಸೇತುವೆ, ಸತ್ತ ಊರುಗಳ ರೈಲು ನಿಲ್ದಾಣ.
ಕೆಳಗೆ ಸಮುದಾಯಗಳ ಆಯೋಗ:
ಭಾಷೆ, ಹಬ್ಬ, ದೂರು, ವರ್ಷಕ್ಕೊಂದು ಊಟ.
ಹಳೇ ಮರ ಅಂದರೆ ಇತಿಹಾಸ, ಮೇಲೆ ಕಳಿಸಿ, ಅಂತಾರೆ ಅವರು.
ಬಾಸ್ಕ್ ಅಂದರೆ ಜನ, ಕೆಳಗೆ ಕಳಿಸಿ, ಅಂತೀವಿ ನಾವು.
ಅರಣ್ಯದವರಿಗೆ ಗೊಂದಲವಿಲ್ಲ.
ಮರ ಅಂದರೆ ಮರ.

ನಮೂನೆ ತುಂಬುವುದು ನನ್ನ ಕೆಲಸ.
ಅಡಿಪಾಯ ಯಾವುದರದು? ಬೇರಿನದು, ಬರೆದೆ.
ಗೋಡೆ? ತೊಗಟೆ.
ಛಾವಣಿ? ಜೂನಿನಿಂದ ಅಕ್ಟೋಬರಿನ ತನಕ ಉಂಟು.
ಮೂಲ ಸ್ವರೂಪ ಹಾಗೇ ಉಳಿದಿದೆಯೆ?
ಇಲ್ಲ.
ಬೆಳೆದಿದೆ.

ವಿಚಾರಣೆಗೆ ಗ್ರಾಶಿಯಾನಾ ಉರ್ರುತಿ ಬಂದಳು,
ಎಂಬತ್ತೊಂದು ವಯಸ್ಸು, ಐದು ತಾಸು ತಾನೇ ಪಿಕಪ್ ಓಡಿಸಿಕೊಂಡು.
ಮೇಜಿನ ಮೇಲಿನ ನೀರಿನ ಬಾಟಲಿಗಳನ್ನು ಸರಿಸಿ
ಒಂದು ಹಾಸುಬಟ್ಟೆ ಹರವಿದಳು.
ಮರಕ್ಕೆ ಸುತ್ತಿ ಕಪ್ಪು ಮೇಣ ಉಜ್ಜಿ ಎತ್ತಿಕೊಂಡ ಅಚ್ಚು:
ದೊಮೇಕಾ. ೧೯೩೭.
ಕೆಳಗೊಂದು ಕುದುರೆ, ಮೂರೇ ಕಾಲು.

"ಅಪ್ಪ ಆಳಕ್ಕೆ ಕೊಯ್ದಿಲ್ಲ. ಕೊಯ್ದರೆ ಮರ ಕೊಳೆಯುತ್ತೆ.
ಚೂರಿ ತುದಿಯಲ್ಲಿ ಕೂದಲೆಳೆಯಷ್ಟು ಗೀರು.
ಗೀರಿದ ದಿನ ಅಲ್ಲೇನೂ ಕಾಣೋದಿಲ್ಲ.
ಕುರಿ ಹೊಡಕೊಂಡು ಮುಂದೆ ಹೋಗಬೇಕು.
ಗಾಯ ಕಪ್ಪಾಗಿ ಉಬ್ಬೋ ಹೊತ್ತಿಗೆ ವರ್ಷಗಳೇ ಆಗಿರುತ್ತೆ.
ಅಪ್ಪ ಓದಿದ್ದೆಲ್ಲ ತನಗಿಂತ ಮುಂಚೆ ಬಂದವರ ಹೆಸರು.
ತಂದು ಮಾತ್ರ ಓದಲಿಲ್ಲ."

ಅಧ್ಯಕ್ಷರು ಕೇಳಿದರು: ಇದರ ಮಹತ್ವವೇನು, ಒಂದು ವಾಕ್ಯದಲ್ಲಿ?
"ನಾಲ್ಕು ತಿಂಗಳು, ಎರಡು ಸಾವಿರ ಕುರಿ, ಒಂದು ನಾಯಿ.
ನಾಯಿಗೆ ಬಾಸ್ಕ್ ಬರುತ್ತಿತ್ತು."
ಯಾರೋ ನಕ್ಕರು. ಅವಳು ನಗಲಿಲ್ಲ.

ಬಂಡೆಯ ಮೇಲಿದ್ದರೆ ಶಾಸನ,
ಸಭೆಯಲ್ಲಿ ಕೈಯೆತ್ತಿ ಪಾಸು ಮಾಡಿದರೂ ಶಾಸನ.
ಸೂರ್ಯ ಚಂದ್ರರಿರುವ ತನಕ ಎಂಬ ಮಾತು
ನಮ್ಮ ನಿಯಮಗಳಲ್ಲಿಲ್ಲ.
ಐವತ್ತು ವರ್ಷ ದಾಟಿರಬೇಕು, ಅಷ್ಟೇ.
ಆಸ್ಪೆನ್ ಮರದ ಆಯಸ್ಸು ನೂರು ತುಂಬಿದರೆ ದೊಡ್ಡದು.
ಅರ್ಧ ಆಯಸ್ಸು ಅರ್ಹತೆಗೇ ಹೋಯಿತು,
ನಾಲ್ಕು ವರ್ಷ ಲಿಫ್ಟಿಗೆ.

ಕಡಿದು, ವಾರ್ನಿಷ್ ಬಳಿದು, ಗಾಜಿನೊಳಗಿಟ್ಟರೆ?
ಇಂಜಿನಿಯರ್ ಸದಸ್ಯರ ಸಲಹೆ. ಸಲಹೆ ಚೆನ್ನಾಗಿಯೇ ಇತ್ತು.
ಗ್ರಾಶಿಯಾನಾ ಬಟ್ಟೆಯನ್ನು ಮಡಚತೊಡಗಿದಳು,
ಮೊದಲು ಕುದುರೆ, ಆಮೇಲೆ ಇಸವಿ,
ಕೊನೆಗೆ ಅಪ್ಪ.
"ಕಡಿದರೆ ಅಕ್ಷರ ಬೆಳೆಯೋದು ನಿಲ್ಲುತ್ತೆ," ಅಂದಳು.
ತೀರ್ಮಾನ ಮುಂದಿನ ಸಭೆಗೆ ಎಂದು ನಡಾವಳಿಯಲ್ಲಿ ಬರೆದುಕೊಂಡೆ.

ಸೆಪ್ಟೆಂಬರಿನಲ್ಲಿ ಅಳತೆಗೆಂದು ಕಣಿವೆಗೆ ಹೋದೆ.
ಗಾಳಿಯಿಲ್ಲದಿದ್ದರೂ ಆ ಎಲೆಗಳಿಗೆ ಸಮಾಧಾನವಿಲ್ಲ.
ಸುಣ್ಣ ಬಳಿದಂಥ ಕಾಂಡಗಳ ನಡುವೆ
ಒಬ್ಬೊಬ್ಬರನ್ನೇ ಓದುತ್ತ ನಡೆದೆ:
ಆನ್ಸೆಲ್ಮೊ, ಬಿಶೆಂತೆ, ಹೆಸರಿಲ್ಲದ ಒಂದು ಹೆಂಗಸಿನ ಮುಖ,
ಬೈಗುಳವಿರಬಹುದಾದ ಒಂದು ಸಾಲು.
ನೆಲದಡಿಯಲ್ಲಿ ಇವೆಲ್ಲ ಒಂದೇ ಬೇರಂತೆ.
ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ದೊಮೇಕಾ ಸಿಕ್ಕಿದ.
ಅಕ್ಷರ ನನ್ನ ಅಂಗೈಗಿಂತ ಅಗಲ. ಟೇಪು ಜೀಪಿನಲ್ಲೇ ಮರೆತಿದ್ದೆ,
ಕೈಯಲ್ಲೇ ಅಳೆದೆ: ಇಸವಿಗೆ ಎರಡು ಗೇಣು.
ಬುಡದಲ್ಲಿ ಅಣಬೆ, ತಟ್ಟಿದರೆ ಪೊಳ್ಳು ಸದ್ದು.
ಕುದುರೆಗೆ ನಾಲ್ಕನೇ ಕಾಲು ಮೂಡಿತ್ತು.
ಬಿರುಕೂ ಇರಬಹುದು. ತುಂಬ ಹೊತ್ತು ನೋಡಿದೆ.

ವಾಪಸು ಬಂದು ನಮೂನೆಯ ಹದಿನೆಂಟನೇ ಕಾಲಮ್ಮು,
ನಿರ್ಮಾಣ ಮುಗಿದ ವರ್ಷ,
ಖಾಲಿ ಬಿಟ್ಟು ಸಹಿ ಹಾಕಿದೆ.
ಅಪೂರ್ಣವೆಂದು ಕೆಳಗಿನವರು ಹಿಂದಕ್ಕೆ ಕಳಿಸಿದ್ದಾರೆ.
ಈಗಷ್ಟೇ ಲಿಫ್ಟಿನ ಗಂಟೆ ಕೇಳಿಸಿತು.